ಗಜ ಇಳಿಸಿದಾಗ

ರಕ್‌ಮನ್ ಮನೆಯ ಹರಾಜಿನಲ್ಲಿ ಕೊನೆಗೆ ಉಳಿದದ್ದು
ಬೆಣ್ಣೆ ಕಡೆಯುವ ಮರದ ಕೊಡ, ಎರಡು ಕುಂಟು ಕುರ್ಚಿ,
ಮತ್ತು ಈ ಕೋವಿ.
ನಾನೂರು ಡಾಲರ್, ಎಂದ ಹರಾಜಿನವ. ಯಾರೂ ಕೆಮ್ಮಲಿಲ್ಲ.
ನಾನು ಕೈ ಎತ್ತಿದೆ,
ವೆಸ್ಟ್ ವರ್ಜೀನಿಯಾದ ಈ ಕಣಿವೆಗೆ
ಮೂವತ್ತೊಂದು ವರ್ಷ ಟಪಾಲು ಹಂಚಿದ ಕೈ.
ಆ ಮನೆಯ ಡಬ್ಬಿಗೆ ಹಾಕಿದ್ದೆಲ್ಲ ಬಿಲ್ಲು, ಬೀಜದ ಕಂಪನಿಯ ಪಟ್ಟಿ.
ಕೈಬರಹದ್ದು ಒಂದೂ ಇಲ್ಲ.

ನಿಲ್ಲಿಸಿದರೆ ನನ್ನ ಗದ್ದದವರೆಗೆ ಬರುತ್ತದೆ.
ಮೇಪಲ್ ಮರದ ಹಿಡಿ, ಹುಲಿಪಟ್ಟೆ,
ಕೆನ್ನೆ ತಾಗಿ ತಾಗಿ ಒಂದು ಕಡೆ ನುಣುಪು.
ಕುದುರೆಯ ಬಾಯಲ್ಲಿ ಇನ್ನೂ ಕಚ್ಚಿಕೊಂಡಿದೆ ಚಕಮಕಿ ಕಲ್ಲು,
ಮುದುಕಿಯ ಕೊನೆಯ ಹಲ್ಲು.

ವರ್ಲಿನ್ ಸ್ಟಂಪ್‌ನ ಹತ್ತಿರ ಒಯ್ದೆ.
ಕಾಫಿ ಹಿಡಿದರೆ ನಡುಗುವ ಅವನ ಕೈ ಕಬ್ಬಿಣ ಹಿಡಿದರೆ ನಿಲ್ಲುತ್ತದೆ.
ಗಜವನ್ನು ನಳಿಗೆಯೊಳಗೆ ಬಿಟ್ಟ,
ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿದ,
ಹೊರಗೆ ತೆಗೆದು ಪಕ್ಕದಲ್ಲಿಟ್ಟು ಅಳೆದ.
ಬುಡ ಮುಟ್ಟಬೇಕಾದ್ದು ಮೂರು ಬೆರಳು ಮೊದಲೇ ನಿಂತಿತ್ತು.
‘ಠಣ್’ ಎನ್ನಬೇಕಾದಲ್ಲಿ ‘ದಬ್’ ಎಂದಿತ್ತು.

“ಡೆಲ್ಫಿಯಾ, ಇದನ್ನು ಕಾರಿನ ಹಿಂದಿನ ಸೀಟಿನಲ್ಲಿ
ಬಾಯಿ ನಿನ್ನ ಬೆನ್ನಿಗೆ ಮಾಡಿ ತಂದೆಯಾ?”
ಹೌದು.
“ತುಂಬಿದೆ.”

ಕಿವಿಯಿಂದ ನೀರು ಹನಿಸಿ, ಮದ್ದು ನೆನೆಯಲೆಂದು ಒಂದು ರಾತ್ರಿ ಬಿಟ್ಟೆವು.
ಮರುದಿನ ಗಜದ ತುದಿಗೆ ತಿರುಪು ಸಿಕ್ಕಿಸಿ
ಸೀಸವನ್ನು ಕೊರೆದು ಕೊರೆದು ಎಳೆದ.
ಬಂತು ಗುಂಡು, ಬಿಳಿ ಬೂಸಲು ಮೆತ್ತಿಕೊಂಡು,
ಜೊತೆಗೆ ಕಾಸಗಲ ಚೀಟಿ ಬಟ್ಟೆ.
ನೀಲಿಯ ಮೇಲೆ ಬಿಳಿ ಹೂ,
ಒಂದು ಹೂವಿನ ಅರ್ಧ ಮಾತ್ರ.

ಗುಂಡಿಗೆ ಸುತ್ತುವ ಬಟ್ಟೆಯನ್ನು ಬಾಯಲ್ಲಿಟ್ಟು ನೆನೆಸುವುದು ವಾಡಿಕೆ.
ಹಾಗಾದರೆ ಇದು ಎಂಜಲು,
ನೂರೈವತ್ತು ವರ್ಷ ಒಣಗಿದ ಎಂಜಲು.
ಅವಳ ಲಂಗದ ಅಂಚು, ಅವನ ನಾಲಿಗೆ.
ಅಥವಾ ಅವಳ ಲಂಗ, ಅವಳದೇ ನಾಲಿಗೆ;
ಬಾಗಿಲ ಹಿಂದೆ ಎಷ್ಟು ಹೊತ್ತು ನಿಂತಿದ್ದಳೋ.
ಬರೆದು ಅಂಚೆಗೆ ಹಾಕದೆ ಬಿಟ್ಟ ಕಾಗದ, ಎಂದೆ.
ವರ್ಲಿನ್ ನಕ್ಕ: “ನರಿಗೆಂದು ತುಂಬಿರಬೇಕು. ನರಿ ಬರಲಿಲ್ಲ.
ಅಷ್ಟರಲ್ಲಿ ಊಟಕ್ಕೆ ಕರೆದರು.”

ಮದ್ದು ಕಪ್ಪು ಕೆಸರಾಗಿ ಸುರಿಯಿತು.
ಇದ್ದಿಲು, ಗಂಧಕ, ಪೆಟ್ಲುಪ್ಪು.
ಗಾಯ ಮಾಯಿಸುವುದೂ ಮದ್ದೇ, ಗಾಯ ಮಾಡುವುದೂ ಮದ್ದೇ.
ಒಂದು ಚಿಟಿಕೆಯನ್ನು ಪೇಪರಿನ ಮೇಲೆ ಮೂರು ದಿನ ಒಣಗಿಸಿ
ಅಂಗಳದ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದೆ.
ಮುನಿಸಿಕೊಂಡಂತೆ ಸುಮ್ಮನಿದ್ದು, ಆಮೇಲೆ
ಸುಯ್ ಎಂದಿತು. ಅಷ್ಟೇ.
ನಾಯಿ ಎದ್ದು ಒಳಗೆ ಹೋಯಿತು.

ನಳಿಗೆಗೆ ಬಿರುಕಿಲ್ಲ, ಅರ್ಧ ಅಳತೆ ಮದ್ದು ಸಾಕು, ಎಂದ ವರ್ಲಿನ್.
ಭಾನುವಾರ ಹೊಳೆಯ ತಗ್ಗಿನಲ್ಲಿ ಹಳೇ ಕೋವಿಯವರು ಸೇರುತ್ತಾರೆ,
ಹನ್ನೊಂದು ಜನ, ಒಬ್ಬ ಪಾದ್ರಿ, ಎಲ್ಲರಿಗೂ ಕಿವಿ ಮಂದ.
ನನ್ನ ಟಪಾಲು ಅಂಗಿಯ ತುದಿ ಕತ್ತರಿಸಿ
ಬಾಯಲ್ಲಿಟ್ಟುಕೊಂಡೆ.
ಸೋಪಿನ ರುಚಿ, ಪೆಟ್ರೋಲಿನ ರುಚಿ,
ಗೇಟುಗಳ ಹಿಂದೆ ಬೊಗಳಿದ ಅಷ್ಟೂ ನಾಯಿಗಳು.

ಕುದುರೆ ಬಿತ್ತು. ಕಿಡಿ. ರಂಜಕ ಹತ್ತಿತು.
ಹತ್ತಿದ್ದಕ್ಕೂ ಸಿಡಿದದ್ದಕ್ಕೂ ನಡುವೆ ಒಂದು ಚಣ,
ಅಲ್ಲಿ ಯಾರೋ ಉಸಿರು ಬಿಗಿಹಿಡಿದಿದ್ದರು,
ನಾನಲ್ಲ.
ಆಮೇಲೆ ಹೊಗೆ, ಕೊಳೆತ ಮೊಟ್ಟೆಯ ವಾಸನೆ.
ಗುರಿ ತಾಗಿತೋ ಇಲ್ಲವೋ
ಹೊಗೆ ಸರಿಯುವವರೆಗೆ ಯಾರಿಗೂ ತಿಳಿಯದು.

ತಾಗಿರಲಿಲ್ಲ.

ಬಿಸಿನೀರು, ಸೋಪು ಹಾಕಿ ಬಚ್ಚಲಲ್ಲಿ ತೊಳೆದೆ,
ಮಗುವಿಗೆ ಮೀಯಿಸಿದಂತಲ್ಲ, ಪಾತ್ರೆ ಬೆಳಗಿದಂತೆ.
ಅರ್ಧ ಹೂವು ಸ್ಟಾಂಪಿನ ಡಬ್ಬಿಯಲ್ಲಿದೆ.
ಬಂದವರಿಗೆ ತೋರಿಸುವುದಿಲ್ಲ.

ಮಲಗುವ ಮುನ್ನ ದೀಪ ಆರಿಸಿ, ಬಾಗಿಲು ನೋಡಿ,
ಮತ್ತೆ ಗಜ ಇಳಿಸುತ್ತೇನೆ.
ತುಂಬಿಲ್ಲವೆಂದು ಗೊತ್ತು.
ಆದರೂ ಕಾಯುತ್ತೇನೆ ಕಿವಿಗೊಟ್ಟು:
ಠಣ್.