ಅರ್ಥ್ ಆಗುವ ತನಕ

ಜೀಪಿನ ಡೈನಮೋ ಬಿಚ್ಚಿ ಕೂತಿದ್ದೆ ಗೋಣಿಕೊಪ್ಪದಲ್ಲಿ.
ಬೊಳ್ಳಮ್ಮ ಬಂದು ಬೆಂಚಿನ ಮೇಲೆ ಒಂದು ಶೂ ಡಬ್ಬಿ ಸುರಿದರು:
ಸ್ವಿಚ್ಚುಗಳು. ಉದ್ದ ಮೂಗಿನವು, ಮೊಂಡು ಮೂಗಿನವು,
ಕೆಂಪು ಮುಚ್ಚಳದ್ದು, ಬೀಗದ ಕೈಯದ್ದು,
ಪಲ್ಪರ್ ಯಂತ್ರದಿಂದ ಕಿತ್ತ ಹಸಿರು ಗುಂಡಿ ಒಂದು.
"ಮೊಯ್ದು, ಇದರಲ್ಲಿ ಐದು ಬೇಕು.
ಯಾವ ಐದು ಅಂತ ನನ್ನ ಕೈಯನ್ನೇ ಕೇಳೋಣ."

ಪೊನ್ನಂಪೇಟೆಯಾಚೆ ಅವರ ಕಾಫಿ ಗೋದಾಮು.
ರೆಕ್ಕೆ ಒಂದು ಗೋಡೆಗೆ, ಮೈ ಇನ್ನೊಂದು ಗೋಡೆಗೆ,
ಬಟ್ಟೆ ಹೊದಿಸದ ಬಾಲದ ಮೇಲೆ ಗುಬ್ಬಿ.
ಇಬ್ಬರು ಕೂರಬಹುದು, ಒಬ್ಬರು ತೆಳ್ಳಗಿದ್ದರೆ.

ಹಳೇ ಕ್ಯಾಲೆಂಡರಿನ ರಟ್ಟಿಗೆ ತೂತು ಕೊರೆದು ನಿಲ್ಲಿಸಿದೆ.
ಅವರು ಉಣ್ಣೆಯ ಗವಸು ತೊಟ್ಟು ಕಣ್ಣು ಮುಚ್ಚಿದರು.
"ಪಂಪು," ಅಂದೆ. ಮುಟ್ಟಿದ್ದು ಮಾಸ್ಟರ್.
"ಎಡ ಮ್ಯಾಗ್ನೆಟೋ," ಅಂದೆ. ಮುಟ್ಟಿದ್ದು ಪಂಪು.
ಕಿತ್ತೆ. ಬೇರೆ ತೂತು. ಮತ್ತೆ ಕಿತ್ತೆ.
ಸಂಜೆಗೆ ರಟ್ಟು ಜರಡಿ.

ಮೊದಲು ಸೋತದ್ದು ಬೀಗದ ಕೈ:
ಮೊಣಕಾಲಿಗೆ ತಾಗುತ್ತದೆ; ಮೇಲಾಗಿ
ಎರಡು ಮ್ಯಾಗ್ನೆಟೋ ಒಂದೇ ಬೀಗದ ಹೊಟ್ಟೆಯಲ್ಲಿದ್ದರೆ
ಬೀಗ ಕೆಟ್ಟ ದಿನ ಎರಡೂ ಕೆಟ್ಟವು.
ಕೆಂಪು ಮುಚ್ಚಳ ಚಂದವಿತ್ತು. ಆದರೆ
ತೆರೆಯಲೊಂದು ಬೆರಳು, ಆರಿಸಲೊಂದು ಬೆರಳು.
"ಬೆಂಕಿ ಹತ್ತಿದಾಗ ಅಷ್ಟು ಬೆರಳು ಇರುವುದಿಲ್ಲ," ಅಂದರು.
ಹಸಿರು ಗುಂಡಿ ಗೆದ್ದಿತು. ಅದೇ ಸ್ಟಾರ್ಟರ್.
ಬಲಗಡೆ, ಎಲ್ಲವುಗಳಿಂದ ದೂರ;
ಎಡಗೈ ಥ್ರಾಟಲ್ ಬಿಡುವ ಹಾಗಿಲ್ಲವಲ್ಲ ಆ ಹೊತ್ತಿಗೆ.
ಹತ್ತು ವರ್ಷ ಕಾಫಿ ಹಣ್ಣಿನ ಸಿಪ್ಪೆ ಸುಲಿಸಿದ ಗುಂಡಿ,
ಇನ್ನು ಗಾಳಿಯದನ್ನು ಸುಲಿಸಲಿ.

ಪಂಪಿನ ಮೂಗಿಗೆ ನೂಲು ಸುತ್ತಿದೆ,
ಮಾಸ್ಟರಿನ ತಲೆಗೆ ಅರದಲ್ಲಿ ಎರಡು ಗೀರು.
ಮ್ಯಾಗ್ನೆಟೋಗಳು ಬೋಳಾಗಿಯೇ ಇರಲಿ, ಜೋಡಿಯಾಗಿ,
ಒಂದೇ ಅಂಗೈಗೆ ಎರಡೂ ಸಿಗುವ ಹಾಗೆ.

ಜಗಳವಾದದ್ದು ಮೇಲು ಕೆಳಗಿನ ಮೇಲೆ.
ಮೂವತ್ತು ವರ್ಷ ಮನೆಗಳಿಗೂ ವೈರ್ ಎಳೆದವನು ನಾನು.
ಕೆಳಗೊತ್ತಿದರೆ ಬೆಳಕು;
ಮಸೀದಿಗೂ ಐನ್‌ಮನೆಗೂ ಅದೇ ಕಾನೂನು.
"ಇಲ್ಲಿ ಮೇಲೆ ಅಂದರೆ ಜೀವ."
ಸರಿ ಅಂತ ಎಲ್ಲವನ್ನೂ ತಿರುಗಿಸಿ ಬಿಗಿದೆ.
"ಮ್ಯಾಗ್ನೆಟೋ ಇನ್ನೂ ವಿಚಿತ್ರ, ಕೇಳು.
ಕೂಡಿಸಿದರೆ ಆರುತ್ತದೆ, ಕಡಿದರೆ ಉರಿಯುತ್ತದೆ.
ನಿಲ್ಲಬೇಕಾದರೆ ಅದಕ್ಕೆ ಅರ್ಥ್ ಸಿಗಬೇಕು.
ತಂತಿ ತುಂಡಾದ ಇಂಜಿನಿಗೆ ನಿಲ್ಲುವುದೇ ಗೊತ್ತಿಲ್ಲ."
"ಹಳೇ ಸ್ಕೂಟರಿನ ಹಾಗೆ," ಅಂದೆ. "ಗೊತ್ತು."

ಹುತ್ತರಿ ಕಳೆದು ಗದ್ದೆ ಗಟ್ಟಿಯಾಗಿತ್ತು.
ಆನೆ ಹೆಜ್ಜೆಯ ಗುಂಡಿಗಳಿಗೆ ಮಣ್ಣು ತುಂಬಿ ಉರುಳೆ ಎಳೆಸಿದ್ದರು.
"ಕ್ಲಿಯರ್!" ಎಂದು ಬೆಳ್ಳಕ್ಕಿಗಳಿಗೆ ಕೂಗಿ
ಮಾಸ್ಟರ್. ಪಂಪು. ಎಡ. ಬಲ.
ಹಸಿರು.
ಮಂಜು ಹಿಂದಕ್ಕೆ ಹರಿಯಿತು, ನನ್ನ ಟೋಪಿಯೂ.

ಐದು ನಿಮಿಷ ಬಿಟ್ಟು ಕೈಸನ್ನೆ ಮಾಡಿದರು: ಸಾಕು.
ಅಂಗೈಯಿಂದ ಎರಡನ್ನೂ ಕೆಳಗೆಳೆದರು.
ಪ್ರೊಪೆಲ್ಲರ್ ತಿರುಗುತ್ತಲೇ ಇತ್ತು.
ಮೇಲೆ, ಕೆಳಗೆ, ಇನ್ನೊಮ್ಮೆ. ತಿರುಗುತ್ತಲೇ ಇತ್ತು.
ಪೆಟ್ರೋಲ್ ಕಾಕ್ ಮುಚ್ಚಿ ಕೈಕಟ್ಟಿ ಕೂತರು.
ಕಾರ್ಬುರೇಟರಿನ ಬಟ್ಟಲು ಬತ್ತುವ ತನಕ
ಚಕ್ರದ ಹಗ್ಗ ಹಿಡಿದು ನಾನು ನಿಂತೆ,
ಅಷ್ಟು ಹೊತ್ತು ಯಾವ ನಮಾಜಿನಲ್ಲೂ ಅಲುಗದೆ ನಿಂತಿಲ್ಲ.

ಇಳಿದು ಬಂದು ಬೈಯಲಿಲ್ಲ.
"ಅರ್ಥ್ ಆಗಿಲ್ಲ, ಮೊಯ್ದು."
ಗ್ಯಾರೇಜಿನಲ್ಲಿ ದಿನಕ್ಕೆ ಹತ್ತು ಸಲ ಹುಡುಗರಿಗೆ ನಾನೇ ಹೇಳುವ ಮಾತು;
ಅವರ ಬಾಯಲ್ಲಿ ಬೇರೆ ಕೇಳಿಸಿತು.

ಪ್ಯಾನೆಲ್ಲಿನ ಕೆಳಗೆ ಬೆನ್ನಡಿಯಾಗಿ ಮಲಗಿ ನೋಡಿದೆ.
ಎರಡು ಸ್ವಿಚ್ಚಿನ ಕಪ್ಪು ತಂತಿಯೂ ಒಂದೇ ನಟ್ಟಿನಡಿ,
ಎರಡು ತಂತಿ ಯಾಕೆ ವೇಸ್ಟು ಅಂತ ನಾನೇ ಸೇರಿಸಿದ್ದು.
ನಟ್ಟಿನಡಿ ಬೂದು ಬಣ್ಣ,
ಚಂದ ಕಾಣಲಿ ಅಂತ ನಾನೇ ಬಳಿದದ್ದು.
ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿದೆ,
ಎರಡು ಕಡೆ, ಎರಡು ನಟ್ಟು.

ರಾತ್ರಿ ಬೀವಾತು ಅಂದಳು, "ಲೈಟ್ ಆರಿಸಿ ಮಲಗಿ."
ಗೋಡೆಯ ಮುಂದೆ ನಿಂತೆ,
ಉಗುರಿನ ಸಂದಿಯಲ್ಲಿ ಬೂದು ಪುಡಿ.
ಮೇಲೋ, ಕೆಳಗೋ.
"ಎಂಥ ಯೋಚನೆ?" ಅಂದಳು.