ತೂತಿನ ಕೂಲಿ

ಕಂಬಚ್ಚಿನ ಆಚೆ ಅಪ್ಪ, ಈಚೆ ನಾನು.
ಒಂದೊಂದೇ ಕಣ್ಣಿನಲ್ಲಿ ನುಸುಳಿ ಸಣ್ಣಗಾಗುತ್ತ
ಬೆಳ್ಳಿ ಹೊಸ್ತಿಲು ದಾಟಿತು.
ಇಕ್ಕಳದಲ್ಲಿ ಅದರ ತುದಿ ಕಚ್ಚಿಸಿ
ಹಿಂದಕ್ಕೆ ಹಿಂದಕ್ಕೆ ನಡೆದೆ.
ಮುದಗಲ್ಲಿನ ಓಣಿಯಲ್ಲಿ
ಯಾರದೋ ಸೈಕಲ್ಲು ಇಳಿದು ನಿಂತಿತು.
"ಜಗ್ಗಬ್ಯಾಡ, ತಾನ ಬರ್ತದ" ಅಂದ ಅಪ್ಪ.

ಹಾಗೆ ಬಂದದ್ದು ಅಂತೋಣಮ್ಮನ ಅತ್ತೆಯ
ತುಂಡಾದ ಕಾಲ್ಕಡಗ.

ಎರಡೆಳೆ ಹೊಸೆದು, ತಟ್ಟಿ ಚಪ್ಪಟೆ ಮಾಡಿ,
ಸುರುಳಿ ಸುತ್ತಿ ಸುತ್ತಿ
ಶಿಲುಬೆಯ ಚೌಕಟ್ಟಿನೊಳಗೆ ಕೂಡಿಸಿದ.
ಬಿಳಿಗಾರ ಉಬ್ಬಿತು, ಇಳಿಯಿತು.
ಊದುಗೊಳವೆಯ ತುದಿಗೆ ಅಪ್ಪನ ಕೆನ್ನೆ.
ಅರ್ಧ ಉಸಿರು ಹೆಚ್ಚಾದರೆ
ಮೂರು ದಿನದ ಕೆಲಸ ಒಂದು ಹನಿ.

ಅಂತೋಣಮ್ಮ ಅಂಗೈ ಮೇಲೆ ಆಡಿಸಿ ನೋಡಿದಳು.
"ಹೂವಿನಷ್ಟೂ ಭಾರ ಇಲ್ಲಲ್ಲೋ ಮೋನಪ್ಪ,
ಇಷ್ಟ್ಯಾಕ ರೊಕ್ಕ?"
"ಬೆಳ್ಳಿ ನಿಂದೇ ಅದ. ಕೂಲಿ ತೂತಿಂದು.
ತೂತು ಕೂಡ್ಸೋದ ಕಷ್ಟ."
ನಕ್ಕಳು. "ತೂತಿಂದು ಕ್ರಿಸ್ಮಸ್ಸಿಗೆ ಕೊಡ್ತೀನಿ."

ವಹಿಯಲ್ಲಿ ಇನ್ನೂ ಇದೆ, ಪೆನ್ಸಿಲ್ಲಿನಲ್ಲಿ:
ಅಂತೋಣಮ್ಮ, ತೂತು, ಬಾಕಿ.

ನಿನ್ನೆ ಅವಳ ಮರಿಮಗಳು ತಂದಳು.
ಅಚ್ಚಿನ ಸರಗಳ ಪಾಕೀಟು ಅತ್ತ ಸರಿಸಿ
ಜಾಗ ಮಾಡಿಕೊಂಡೆ.
ಸುರುಳಿಗಳ ತುಂಬ ಪೌಡರು, ಕೊಬ್ಬರಿ ಎಣ್ಣೆ,
ಯಾರ ಯಾರದೋ ಬೆವರು.
ಒಂದರಲ್ಲಿ ಮಾತ್ರ ಮೇಣ.

ಅಂಟುವಾಳದ ನೀರಲ್ಲಿ ನೆನೆಸಿ,
ಹಳೇ ಬ್ರಶ್ಶಿನಿಂದ ತಿಕ್ಕಿ
ಒಂದೊಂದೇ ಕಣ್ಣು ತೆರೆದೆ.
ಮೇಣದ್ದನ್ನು ಮುಟ್ಟಲಿಲ್ಲ.

"ಇದೊಂದು ಮುಚ್ಚೇ ಅದಲ್ಲಕ್ಕ?"
"ಇರ್ಲಿ ಬಿಡವ್ವ.
ಅದರ ಕೂಲಿ ನಾ ಹಿಡಿಯಂಗಿಲ್ಲ."