ನೂರ ನಲವತ್ತು ಮಿಲಿಸೆಕೆಂಡು

ಜೂನ್ ತಿಂಗಳು. ರಾತ್ರಿ ಹತ್ತೂವರೆ.
ಫಿನ್ಲೆಂಡಿನ ಈ ಬಡಗಣ ಮೂಲೆಯಲ್ಲಿ
ಸರೋವರದ ಮೇಲೆ ಬಿಸಿಲು ಇನ್ನೂ
ಎದ್ದು ಹೋಗಲೊಲ್ಲದ ನೆಂಟನಂತೆ ಕೂತಿದೆ.
ಕುಣಿತದ ಈ ಮರದ ಮಂಟಪಕ್ಕೆ ಹದಿನಾರು ಕಿಟಕಿ,
ಹದಿನಾರಕ್ಕೂ ಆಲೂಗಡ್ಡೆ ಚೀಲ ಬಿಗಿದು
ಕತ್ತಲೆಯನ್ನು ನಾನೇ ತಯಾರಿಸಿಕೊಂಡಿದ್ದೇನೆ.
ಬೆಳಕಿನ ಕೆಲಸದವಳಿಗೆ ಮೊದಲು ಬೇಕಾದ ಸಾಮಾನು ಅದೇ.
ಆದರೂ ಒಂದು ತೂತಿನಿಂದ
ಕಡ್ಡಿಯಷ್ಟು ಬಿಸಿಲು ನೆಲದ ಮೇಲೆ:
ನಾನು ಬರೆಯದ ಕ್ಯೂ.

ಪರದೆಯಲ್ಲಿ ಹಾಡು
ಹಸಿರು ಬಾಚಣಿಗೆಯಾಗಿ ಅಡ್ಡ ಮಲಗಿದೆ,
ಹಲ್ಲು ಉದ್ದವಿದ್ದಲ್ಲಿ ಸದ್ದು, ಮುರಿದಲ್ಲಿ ಮೌನ.
ಅದರಡಿ ಸಾಲು ಸಾಲು ಗೂಡು.
ಎಡಕ್ಕೆ ನಾಲ್ಕು ದೀಪ, ಬಲಕ್ಕೆ ನಾಲ್ಕು,
ಹಿಂದಿನಿಂದ ತಲೆ ತಿರುಗಿಸುವವು ಎರಡು,
ಒಂದು ಹೊಗೆಯಂತ್ರ; ಅದು ಕೆಮ್ಮುತ್ತದೆ, ನಂಬುವ ಹಾಗಿಲ್ಲ.
ಯಾವ ಗಳಿಗೆಗೆ ಯಾವ ಬಣ್ಣ,
ಎಷ್ಟು ಹೊತ್ತು ಮೂಡಬೇಕು, ಎಷ್ಟು ಹೊತ್ತು ಮುಳುಗಬೇಕು,
ಎಳೆದೆಳೆದು ಕೂರಿಸುತ್ತೇನೆ.

ತಂತ್ರಾಂಶ ಒಳ್ಳೆಯದೇ. ಶಿಸ್ತಿನದು.
ಒಂದು ಸಲ ಕೇಳಿಸಿಕೊಂಡು ತಾಳ ಎಣಿಸಿ ಕೊಟ್ಟಿತು:
ಟ್ಯಾಂಗೊ, ನಿಮಿಷಕ್ಕೆ ನೂರ ಹದಿನಾಲ್ಕು ಪೆಟ್ಟು,
ಕಾಪಿ ಪುಸ್ತಕದ ಗೀಟಿನಷ್ಟು ನೇರ.
ನಾನು ಕ್ಯೂ ಎಲ್ಲಿ ಬಿಟ್ಟರೂ
ಹತ್ತಿರದ ಗೀಟಿಗೆ ಟಕ್ಕನೆ ಅಂಟುತ್ತದೆ,
ಅಯಸ್ಕಾಂತಕ್ಕೆ ಗುಂಡುಸೂಜಿ.

ಆದರೆ ನುಡಿಸಿದವನು ಎಲ್ಮೆರಿ.
ವಾರವೆಲ್ಲ ಹಾಲಿನ ಲಾರಿ, ಶನಿವಾರ ಅಕಾರ್ಡಿಯನ್.
ಮೂವತ್ತೆಂಟು ಬೇಸಗೆ ಎಡಗಾಲು ಕುಟ್ಟಿ
ಈ ಹಲಗೆಯಲ್ಲಿ ತಗ್ಗು ಮಾಡಿಟ್ಟು
ಹೋದ ವರ್ಷ ಕೊನೆಯ ಹಿಮದ ಜೊತೆ ಹೋದ.
ಉಳಿದದ್ದು, ಎಂದೋ ಯಾರ್ಕ್ಕೊ ಹಿಡಿದಿಟ್ಟ ಈ ಮೂರು ನಿಮಿಷ.
ಆಗಸ್ಟ್ ಕೊನೆಗೆ, ಮಂಟಪ ಮುಚ್ಚುವ ರಾತ್ರಿ,
ಖಾಲಿ ಕುರ್ಚಿಗೆ ಬೆಳಕು ಹಾಕಿ ಹಾಡು ಬಿಡಬೇಕು.

ಮೊದಲ ಸಲ ಓಡಿಸಿದೆ.
ಲೆಕ್ಕ ಎಲ್ಲ ಸರಿ, ನೋಟ ಎಲ್ಲ ತಪ್ಪು.
ದೀಪ ಮುಂಚೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ,
ಸ್ವರ ಆಮೇಲೆ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು.
ಪ್ರತಿ ಸಾಲಿನ ಮೂರನೇ ಪೆಟ್ಟಿನಲ್ಲಿ ಇದೇ ಪಾಡು.

ಕಾಫಿ ತಂದಿದ್ದ ಸೈಮಿ, ಅವನ ಹೆಂಡತಿ,
ಬೆಂಚಿನ ಮೇಲೆ ಕೂತು ನೋಡಿದಳು.
ಈ ಊರಿನವರು ಒಂದು ಮಾತಿಗೆ ಮುಂಚೆ
ಒಂದು ಲೋಟ ಕಾಫಿ ಮುಗಿಸುತ್ತಾರೆ.
ಮುಗಿಸಿ ಅಂದಳು:
‘ಅಲ್ಲಿ ಅವನು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ.
ಹಾಲಿನ ಕ್ಯಾನು ಎತ್ತಿ ಎತ್ತಿ ಕೆಟ್ಟ ಸೊಂಟ.
ತಿದಿ ಪೂರಾ ತೆರೆಯೋದಕ್ಕೆ ಚೂರು ಹೊತ್ತು ಬೇಕಿತ್ತು.
ನಾವೂ ಕಾಯೋದು ಕಲಿತೆವು,
ಕಾಲನ್ನು ಗಾಳಿಯಲ್ಲೇ ಹಿಡಿದು.’
ಪರ ಊರಿನವರು ಅದನ್ನು ಶೈಲಿ ಅನ್ನುತ್ತಿದ್ದರಂತೆ.

ಅಂಟುವ ಗುಂಡಿ ಆರಿಸಿದೆ.
ಖಚಿತವೇ, ಎಂದು ಕೇಳಿತು. ಖಚಿತ.
ಹಾಡನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರೆ
ಹಲ್ಲೆರಡರ ನಡುವೆ ಇರುವೆ ನುಸುಳುವಷ್ಟು ಸಂದು:
ನೂರ ನಲವತ್ತು ಮಿಲಿಸೆಕೆಂಡು.
ಕಣ್ಣು ಮಿಟುಕಿಸಲೂ ಸಾಲದು.
ಮುಂದಿನದು ನೂರ ಅರವತ್ತು. ಕೊನೆಕೊನೆಗೆ ಇನ್ನೂರು,
ನೋವು ಹೆಚ್ಚಿರಬೇಕು.
ಇಪ್ಪತ್ತೆರಡು ಕಡೆ, ಒಂದೊಂದನ್ನೂ
ಗೀಟಿನಿಂದ ಬಿಡಿಸಿ, ಕಿವಿಗೆ ಕೇಳಿ, ಕೈಯಲ್ಲೇ ಇಟ್ಟೆ.
ಕಡತಕ್ಕೆ ಹೆಸರು ಕೇಳಿತು.
‘ಸೊಂಟ’ ಎಂದು ಬರೆದು ಉಳಿಸಿದೆ.

ಆಗಸ್ಟಿನಲ್ಲಿ ಚೀಲಗಳನ್ನು ಬಿಚ್ಚಿದೆವು.
ಕಿಟಕಿ ತುಂಬ ಅಸಲಿ ಕತ್ತಲೆ, ಪುಕ್ಕಟೆ.
ಹೊಗೆಯಂತ್ರ ಕೈಕೊಟ್ಟಿತು, ಸರಿಯೇ ಆಯಿತು.
ಹುಡುಗರು ಎರಡು ಸಲ ಮುಂಚೆಯೇ ಕಾಲಿಟ್ಟು ನಕ್ಕರು.
ಹಳಬರು ಅರವತ್ತು ಜೋಡಿ, ಕಾಲೆತ್ತಿ ನಿಂತರು;
ದೀಪವೂ ನಿಂತಿತು.

ಸೈಮಿ ಕುಣಿಯಲಿಲ್ಲ.
ಬಾಗಿಲಲ್ಲಿ ಟಿಕೀಟು ಹರಿಯುತ್ತಿದ್ದಳು.
ಅವಳ ಕೈ ಅರ್ಧ ಹರಿದ ಚೀಟಿಯಲ್ಲಿ ಒಂದಿಷ್ಟು ನಿಂತು,
ಆಮೇಲೆ ಹರಿಯುತ್ತಿತ್ತು.